ಎರಡು ತಟ್ಟೆ ಎಳ್ಳು

ಮೊನ್ನೆ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಪಕ್ಕದಲ್ಲಿ ಒಬ್ಬಾಕೆ ಅವರೆಕಾಯಿ ಮೂಟೆ ಇಳಿಸಿ ಬಾಯಿ ಬಿಚ್ಚಿದಳು. ಸೊಗಡು ಗಪ್ಪೆಂದು ಮೂಗಿಗೆ ಹೊಡೆಯಿತು. ಇಬ್ಬನಿ ಕುಡಿದ ಕಾಯಿಯ ಸಿಪ್ಪೆ ಬೆರಳಿಗೆ ಅಂಟುತ್ತದಲ್ಲ, ಆ ಅಂಟಿನ ವಾಸನೆ. ಬೇರೆಯವರಿಗೆ ಅದರಿಂದ ಬಾಯಲ್ಲಿ ನೀರೂರುತ್ತದೆ, ನಾನು ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ. “ನಾಗಮಂಗ್ಲದ ಕಡೆ ಕಾಯಿ ಕಣವ್ವ, ತಗೋ” ಅಂದಳು ಆಕೆ. ನಾನು ಹುಟ್ಟಿ ಬೆಳೆದದ್ದೇ ನಾಗಮಂಗಲದ ಕಡೆ. ಆ ಕಾಯಿಯ ಯೋಗ್ಯತೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಬಾಯಿ ಮುಚ್ಚಿಕೊಂಡು ಒಂದಿಷ್ಟು ಕೊಂಡೆ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಆ ಒಂದು ಚಳಿಗಾಲ ಪೂರಾ ನೆನಪಾಯಿತು.

ತೊಂಬತ್ತೈದನೇ ಇಸವಿಯೋ, ತೊಂಬತ್ತಾರೋ ಇರಬೇಕು. ಚಿನಕುರಳಿ ಹತ್ತಿರದ ಹಳ್ಳಿಯಲ್ಲಿ ನಮ್ಮದು ತೊಟ್ಟಿ ಮನೆ. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಅವರ ಹಿರಿಮಗ ಅಂದರೆ ನನ್ನ ಭಾವ, ಭಾವನ ಹೆಂಡತಿ ಪುಟ್ಟತಾಯಕ್ಕ, ನಮ್ಮ ಯಜಮಾನರು, ನಾನು, ನಮ್ಮ ಮಗಳು ಮಂಜುಳ. ಇಷ್ಟು ಜನಕ್ಕೂ ಒಂದೇ ಒಲೆ, ಒಂದೇ ಮುದ್ದೆ ಮಡಕೆ. ಭಾವ ಹೊಲ ಗದ್ದೆ ನೋಡುತ್ತಿದ್ದರು. ನಮ್ಮವರು ಊರಿನ ಡೈರಿಯಲ್ಲಿ ಹಾಲು ಅಳೆದು ಬರೆದುಕೊಳ್ಳುವ ಕೆಲಸದಲ್ಲಿದ್ದರು. ನಾನು ಭಾವನ ಎದುರು ನಿಂತು ಮಾತಾಡುವ ಹಾಗಿರಲಿಲ್ಲ, ಅದು ಆ ಮನೆಯ ರಿವಾಜು. ಏನಾದರೂ ಹೇಳಬೇಕಾದರೆ ಬಾಗಿಲ ಹಿಂದೆ ನಿಂತು ಅತ್ತೆಗೆ ಹೇಳಬೇಕು, ಅತ್ತೆ ಅದನ್ನೇ ಜೋರಾಗಿ ಇನ್ನೊಂದು ಸಲ ಹೇಳುತ್ತಿದ್ದರು. ನನ್ನಂಥ ಬಾಯಿಬಡುಕಿಗೆ ಅದು ಎಂಥ ಶಿಕ್ಷೆ ಅಂತ ಅನುಭವಿಸಿದವರಿಗೇ ಗೊತ್ತು.

ಮಂಜುಳ ಪುಟ್ಟತಾಯಕ್ಕನನ್ನು ಅವ್ವ ಅನ್ನುತ್ತಿದ್ದಳು. ಹೆತ್ತ ನನ್ನನ್ನು ಚಿಕ್ಕವ್ವ ಅನ್ನುತ್ತಿದ್ದಳು. ಇದೇನೂ ವಿಚಿತ್ರವಲ್ಲ. ಹೆತ್ತವಳನ್ನು ಅಕ್ಕ ಅನ್ನುವ, ಅತ್ತಿಗೆ ಅನ್ನುವ ಮಕ್ಕಳು ಒಟ್ಟು ಮನೆಗಳಲ್ಲಿ ಬೇಕಾದಷ್ಟು ಇದ್ದರು. ದೊಡ್ಡವರು ಹೇಗೆ ಕರೆಯುತ್ತಾರೋ ಮಗು ಹಾಗೆ ಕಲಿಯುತ್ತದೆ. ನಮ್ಮಲ್ಲಿ ಮಾತ್ರ ಅದು ತಾನಾಗಿ ಆದದ್ದಲ್ಲ. ಹೆರಿಗೆಯಾದ ಮೇಲೆ ನನಗೆ ಕಾಮಾಲೆ ಹಿಡಿದು ತವರಿನಲ್ಲೇ ಮಲಗಿಬಿಟ್ಟೆ. ಬದುಕುವುದೇ ಅನುಮಾನ ಅಂತ ಮಗುವನ್ನು ಎತ್ತಿಕೊಂಡು ಬಂದು ಪುಟ್ಟತಾಯಕ್ಕನ ಮಡಿಲಿಗೆ ಹಾಕಿದರು. ಅಕ್ಕನಿಗೆ ಮಕ್ಕಳಿರಲಿಲ್ಲ. ಹಸುವಿನ ಹಾಲಿಗೆ ನೀರು ಬೆರೆಸಿ, ಒಳಲೆಯಲ್ಲಿ ಕುಡಿಸಿ, ತನ್ನ ಪಕ್ಕದಲ್ಲೇ ಮಲಗಿಸಿಕೊಂಡು ಬೆಳೆಸಿದಳು. ನಾನು ಚೇತರಿಸಿಕೊಂಡು ಬರುವ ಹೊತ್ತಿಗೆ ಮಗು ಅಂಬೆಗಾಲಿಡುತ್ತಿತ್ತು. ನನ್ನ ಮುಖ ಕಂಡು ಚಿಟ್ಟನೆ ಚೀರಿ ಅಕ್ಕನ ಸೆರಗಿನೊಳಗೆ ತೂರಿಕೊಂಡಿತು. ಅವತ್ತೇ ಅತ್ತೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

“ಅವ್ಳನ್ನ ಅವ್ವ ಅನ್ಲಿ, ನಿನ್ನ ಚಿಕ್ಕವ್ವ ಅನ್ಲಿ. ನಿಂಗೆ ಇನ್ನೂ ಆಯ್ತವೆ ಕಣವ್ವ. ಅವ್ಳನ್ನ ಅವ್ವ ಅನ್ನಾಕೆ ಇನ್ಯಾರವ್ರೆ?”

ನನಗೆ ಮುಂದೆ ಮಕ್ಕಳಾಗಲಿಲ್ಲ. ಅತ್ತೆಯ ಮಾತು ಮಾತ್ರ ಹಾಗೇ ಉಳಿಯಿತು. ಮಗಳು ಎರಡನೇ ಕ್ಲಾಸಿಗೆ ಬಂದರೂ ಸ್ಕೂಲಿಂದ ಓಡಿ ಬಂದು “ಅವ್ವಾ” ಅಂತ ಕೂಗಿದರೆ ಅಡುಗೆಮನೆಯಿಂದ ಎದ್ದು ಹೋಗುತ್ತಿದ್ದವಳು ಅಕ್ಕ. ನಾನು ಕೂತಲ್ಲೇ ಕೂತಿರುತ್ತಿದ್ದೆ. ಅಕ್ಕ ಒಳ್ಳೆಯವಳು, ಅದೇ ದೊಡ್ಡ ಕಷ್ಟ. ಕೆಟ್ಟವಳಾಗಿದ್ದರೆ ಜಗಳವಾಡಿ ಕಿತ್ತುಕೊಳ್ಳಬಹುದಿತ್ತು.

ಆ ವರ್ಷ ಭತ್ತದ ಕುಯ್ಲು ಮುಗಿದ ಹೊಸದರಲ್ಲಿ ಮನೆಗೆ ಬೆಂಕಿ ಬಿತ್ತು. ನಿಜವಾದ ಬೆಂಕಿಯಲ್ಲ, ಅದಾಗಿದ್ದರೆ ನೀರು ಹಾಕಿ ಆರಿಸಬಹುದಿತ್ತು. ಭಾವನಿಗೆ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದವು. ನಮ್ಮವರಿಗೆ ಆ ಎತ್ತು ಕಂಡರೆ ಆಗುತ್ತಿರಲಿಲ್ಲ. ಉಳೋಕೆ ಬಾಡಿಗೆ ಟ್ರಾಕ್ಟರು ಬರುತ್ತದೆ, ಎತ್ತಿನ ಮೇವಲ್ಲಿ ಎರಡು ಸೀಮೆ ಹಸು ಸಾಕಬಹುದು ಅನ್ನೋದು ಡೈರಿಯಲ್ಲಿ ಕೂತವರ ಲೆಕ್ಕಾಚಾರ. ಅಣ್ಣನನ್ನು ಕೇಳಿದರೆ ಬೈಯುತ್ತಾರೆ ಅಂತ, ಅವರು ಗದ್ದೆಗೆ ಹೋದ ಸಮಯ ನೋಡಿಕೊಂಡು ಒಬ್ಬ ದಲ್ಲಾಳಿಯನ್ನು ಕೊಟ್ಟಿಗೆಗೆ ಕರೆತಂದರು. ಬರೀ ನೋಡಿ ಹೋಗಲಿ, ಬೆಲೆ ಗೊತ್ತಾಗಲಿ, ಆಮೇಲೆ ಅಣ್ಣನಿಗೆ ಹೇಳೋಣ ಅಂತ ಇವರ ಲೆಕ್ಕ. ಆ ದಲ್ಲಾಳಿ ಎತ್ತಿನ ತುಟಿ ಬಿಡಿಸಿ ಹಲ್ಲು ನೋಡುತ್ತಿದ್ದ. ಅಷ್ಟರಲ್ಲಿ ಭಾವ ಮರೆತು ಹೋಗಿದ್ದ ಕುಡುಗೋಲಿಗೆ ಅಂತ ವಾಪಸು ಬಂದರು.

“ಯಾರ್ಲಾ ನೀನು? ನನ್ ಕೊಟ್ಗೇಲಿ ನನ್ ಎತ್ತಿನ ಬಾಯ್ಗೆ ಕೈ ಆಕ್ತೀಯಾ?”

ದಲ್ಲಾಳಿ ನಮ್ಮವರ ಕಡೆ ಕೈ ತೋರಿಸಿದ. ಭಾವ ತಮ್ಮನ ಮುಖ ನೋಡಿದರು. ಹೊಡೆದಿದ್ದರೆ ಚೆನ್ನಾಗಿತ್ತು. ಎತ್ತುಗಳನ್ನು ಬಿಚ್ಚಿಕೊಂಡು ಹೊರಟವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದರು.

ಅವತ್ತಿನಿಂದ ಅಣ್ಣ ತಮ್ಮ ಇಬ್ಬರ ಬಾಯಿಗೂ ಬೀಗ ಬಿತ್ತು. ಒಂದೇ ಪಡಸಾಲೆಯಲ್ಲಿ ಕೈಗೆಟಕುವ ದೂರದಲ್ಲಿ ಕೂತು “ಅವ್ವಾ, ನಾಲೇಲಿ ನೀರ್ ಬುಟ್ಟವ್ರಾ ಕೇಳು” ಅಂತ ಇವರು, “ಬುಟ್ಟಿಲ್ಲ ಅನ್ನವ್ವ” ಅಂತ ಅವರು. ಅತ್ತೆ ನಡುವೆ ಕೂತು ಒಬ್ಬರ ಮಾತು ಇನ್ನೊಬ್ಬರಿಗೆ ಒಪ್ಪಿಸೋದು. ಮೊದಮೊದಲು ನನಗೆ ನಗು ಬರುತ್ತಿತ್ತು. ಇಷ್ಟು ವರ್ಷ ನಾನು ಬಾಗಿಲ ಹಿಂದೆ ಪಟ್ಟ ಪಾಡು ಈಗ ಇವರಿಗೂ ಗೊತ್ತಾಗಲಿ ಅನ್ನಿಸುತ್ತಿತ್ತು. ಆಮೇಲಾಮೇಲೆ ಊಟದ ಹೊತ್ತು ಬಂದರೆ ಬೇಗ ಬಡಿಸಿ ಒಳಗೆ ಸೇರಿಕೊಳ್ಳುತ್ತಿದ್ದೆ. ಮುದ್ದೆ ತಟ್ಟೆಗೆ ಬಿದ್ದ ಶಬ್ದಕ್ಕೂ ಯಾರಾದರೂ ತಲೆಯೆತ್ತಿ ನೋಡುತ್ತಿದ್ದರು. ಮಂಜುಳ ಕೂಡ ಪಿಸುಮಾತಲ್ಲಿ ಮಾತಾಡೋದು ಕಲಿತಳು.

ಆಗಲೇ ನನ್ನ ತಮ್ಮ ತವರಿಂದ ಒಂದು ಮೂಟೆ ಅವರೆಕಾಯಿ ತಂದು ಹಾಕಿ ಹೋದ. ಬೇರೆ ವರ್ಷವಾಗಿದ್ದರೆ ಅದೊಂದು ಹಬ್ಬ. ಕಾಯಿ ಸುಲಿದು, ಕಾಳು ನೆನೆಹಾಕಿ, ಮಧ್ಯಾಹ್ನ ಜಗಲಿ ಮೇಲೆ ಕೂತು ಸಿಪ್ಪೆಯಿಂದ ಬೇಳೆ ಹಿದುಕುತ್ತಾ ಊರ ಸುದ್ದಿಯನ್ನೆಲ್ಲ ಜಾಲಾಡುತ್ತಿದ್ದೆವು. ಆ ಸಲ ಅತ್ತೆ, ಅಕ್ಕ, ನಾನು ಮೂವರೂ ತುಟಿ ಪಿಟಕ್ಕೆನ್ನದೆ ಹಿದುಕುತ್ತಿದ್ದೆವು. ಮಂಜುಳ ಅಕ್ಕನ ತೊಡೆಗೆ ಒರಗಿಕೊಂಡು ತಾನೂ ಒಂದೊಂದೇ ಕಾಳು ಹಿಸುಕಿ ಬಟ್ಟಲಿಗೆ ಹಾರಿಸುತ್ತಿದ್ದಳು. ದೂರದ ಕ್ವಾರಿಯಲ್ಲಿ ಬಂಡೆ ಸಿಡಿಸಿದ ಸದ್ದಾಯಿತು. ದಿನಾ ಕೇಳುವ ಸದ್ದೇ, ಆದರೂ ಮೂವರೂ ಬೆಚ್ಚಿದೆವು. ಹಿಂದಿನ ದಿನವಷ್ಟೇ ಭಾವ “ಬಾಗ ಮಾಡ್ಬುಡವ್ವ, ಒಲೆ ಬ್ಯಾರೆ ಆಗ್ಲಿ” ಅಂದಿದ್ದರು.

ಅಕ್ಕ ಕಾಳಿನಿಂದ ಕಣ್ಣು ತೆಗೆಯದೆ ಕೇಳಿದಳು. “ಅತ್ತೆಮ್ಮ, ಬಾಗ ಆದ್ರೆ ಮಂಜಿ ಯಾವ್ ಕಡೀಕ್ ಓಯ್ತಾಳೆ?”

ಅತ್ತೆ ಹಿದುಕುವುದನ್ನು ನಿಲ್ಲಿಸಿದರು. ನನ್ನ ಕಡೆ ಒಂದು ಸಲ ನೋಡಿದರು, ಅಕ್ಕನ ಕಡೆ ಒಂದು ಸಲ ನೋಡಿದರು. “ಬಿರ್ನೆ ಇದುಕ್ರವ್ವ, ಒತ್ತಾಯ್ತದೆ” ಅಂದರು.

ಯಾಕೆ ಸುಳ್ಳು ಹೇಳಲಿ, ನನಗೆ ಒಳಗೊಳಗೇ ಖುಷಿಯಾಗಿತ್ತು. ಗಂಡಸರು ಗದ್ದೆಯ ಬದು, ಕೊಟ್ಟಿಗೆಯ ಗೂಟ ಅಂತ ಯೋಚಿಸುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಒಲೆ ಬೇರೆಯಾದರೆ ನನ್ನ ಮಗಳು ನನ್ನ ಒಲೆ ಮುಂದೆ ಕೂರುತ್ತಾಳೆ, ನನ್ನನ್ನು ಅವ್ವ ಅನ್ನುತ್ತಾಳೆ. ಆ ಆಸೆ ಹುಟ್ಟಿದ ಮೇಲೆ ಅಕ್ಕನ ಮುಖ ನೋಡೋಕೆ ನನಗೆ ಆಗಲಿಲ್ಲ. ಬೇಳೆ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದೆ.

ಅತ್ತೆ ತಡೆಯೋಕೆ ನೋಡಿದರು. ಸಂಕ್ರಾಂತಿವರೆಗೂ ಶೂನ್ಯಮಾಸ, ಒಳ್ಳೆ ಕೆಲಸ ಯಾವುದೂ ಮಾಡುವ ಹಾಗಿಲ್ಲ, ಅದು ಕಳೆಯಲಿ ಅಂದರು. ಅಷ್ಟರಲ್ಲಿ ಮಕ್ಕಳ ಕೋಪ ಇಳಿಯುತ್ತದೆ ಅಂತ ಅವರ ಆಸೆ. ಭಾವ ಎತ್ತಿನ ಮೈ ಉಜ್ಜುತ್ತಲೇ ಹೇಳಿದರು. “ಒಳ್ಳೆ ಕೆಲ್ಸಕ್ಕೆ ಮೂರ್ತ ನೋಡ್ತಾರೆ. ಮನೆ ಒಡಿಯಾಕೂ ನೋಡ್ಬೇಕಾ?” ಇಷ್ಟು ವರ್ಷದಲ್ಲಿ ಭಾವ ತಾಯಿಗೆ ಎದುರಾಡಿದ್ದು ನಾನು ಕೇಳಿದ್ದು ಅದೊಂದೇ ಸಲ.

ಊರಿನ ಹಿರಿಯರು ಬಂದು ಜಗಲಿ ಮೇಲೆ ಕೂತರು. ಅಡುಗೆಮನೆ, ಬೀದಿ ಬಾಗಿಲು, ಎತ್ತು ಭಾವನಿಗೆ. ಹಸುಗಳು, ಹಿಂಡಿ ಮೂಟೆ ಇಡುತ್ತಿದ್ದ ಕೋಣೆ, ಓಣಿ ಕಡೆಯ ಬಾಗಿಲು ನಮಗೆ. ತೊಟ್ಟಿಗೆ ಅಡ್ಡಲಾಗಿ ಸದ್ಯಕ್ಕೆ ಬಿದಿರಿನ ತಡಿಕೆ ನಿಲ್ಲಿಸೋದು, ಗೋಡೆ ಆಮೇಲೆ ಎತ್ತಿಸಿಕೊಳ್ಳೋದು. ಅತ್ತೆಯನ್ನು ಯಾರ ಕಡೆ ಇರುತ್ತೀ ಅಂತ ಕೇಳಿದಾಗ “ನಾನು ಯಾರ್ ಪಾಲೂ ಅಲ್ಲ. ತೊಟ್ಟೀಲಿ ಕೂತಿರ್ತೀನಿ, ಯಾರ್ ಇಕ್ಕುದ್ರೂ ಉಣ್ತೀನಿ” ಅಂದರು. ಅಕ್ಕ ಮತ್ತು ನಾನು ಬಾಗಿಲ ಹಿಂದೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತು ಇದನ್ನೆಲ್ಲ ಕೇಳುತ್ತಿದ್ದೆವು. ಎಲ್ಲ ಮುಗಿದ ಮೇಲೆ ಹಿರಿಯರೊಬ್ಬರು ಹೆಗಲ ಮೇಲಿನ ಟವೆಲ್ಲು ಕೊಡವುತ್ತಾ ಎದ್ದು “ಇನ್ನೇನಾರ ಉಳ್ಕತೇನ್ರಪ್ಪ?” ಅಂದರು.

ಅಕ್ಕ ನನ್ನ ಸೆರಗಿನ ಅಂಚು ಹಿಡಿದುಕೊಂಡಳು.

ಭಾವ ನೆಲ ನೋಡುತ್ತಾ ಹೇಳಿದರು. “ಉಳ್ಯಾದೇನದೆ. ಕೂಸು ಅವುನ್ದು. ಅವುನ್ ಕಡೀಕೇ ಇರ್ಲಿ.”

ಅದೇ ಮನುಷ್ಯ ಆ ಕೂಸನ್ನು ದಿನಾ ಗಾಡಿಯ ಮೂಕಿ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತಿದ್ದರು. ಅಕ್ಕ ನನ್ನ ಪಕ್ಕದಿಂದ ಸರಿದು ಹಿತ್ತಲಿಗೆ ಹೋದಳು. ಬೆಳಿಗ್ಗೆಯೇ ಬೆಳಗಿಟ್ಟಿದ್ದ ಪಾತ್ರೆಗಳನ್ನು ಮತ್ತೆ ನೆಲಕ್ಕೆ ಸುರಿದುಕೊಂಡು ಹುಣಿಸೆಹಣ್ಣು ಹಾಕಿ ತಿಕ್ಕತೊಡಗಿದಳು. ನಾನು ಹೋಗಿ ಪಕ್ಕದಲ್ಲಿ ಕೂರಬೇಕಿತ್ತೇನೋ, ನಮ್ಮ ಪಾಲಿನ ಕೋಣೆ ಗುಡಿಸೋಕೆ ಹೋದೆ.

ತಡಿಕೆ ನಿಲ್ಲಿಸಿ, ನಮ್ಮ ಕೋಣೆಯಲ್ಲಿ ಒಲೆ ಹೂಡಿದ ದಿನ ಸಂಜೆ ಮಂಜುಳ ಎಂದಿನ ಹಾಗೆ ತನ್ನ ಚಾಪೆ ಸುತ್ತಿಕೊಂಡು ತಡಿಕೆ ಪಕ್ಕದ ಸಂದಿಯಿಂದ ಅಕ್ಕನ ಕಡೆ ನುಗ್ಗಿದಳು. “ಓಗವ್ವ, ನಿಮ್ ಕಡೀಕೋಗು” ಅಂದ ಭಾವನ ದನಿ ಕೇಳಿಸಿತು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿಗೆ ಅವ್ವ ಅಂತಲೇ ಕರೆಯೋದು. ಮಗು ಚಾಪೆ ಹಿಡಿದುಕೊಂಡು ತಡಿಕೆ ಹತ್ತಿರವೇ ನಿಂತುಬಿಟ್ಟಿತ್ತು. ನಿಮ್ಮ ಕಡೆ ಅಂದರೆ ಯಾವ ಕಡೆ ಅಂತ ಅದಕ್ಕೆ ಗೊತ್ತಾಗಿರಲಿಲ್ಲ. ನಾನು ಹೋಗಿ ಕೈ ಹಿಡಿದು ಕರೆದುಕೊಂಡು ಬಂದೆ. ಹೊಸ ಒಲೆಯ ಮುಂದೆ ಕೂರಿಸಿ, ಬಿಸಿ ಮುದ್ದೆಗೆ ತುಪ್ಪ ಹಾಕಿ, ಬಹಳ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆಡಿದೆ.

“ಇವತ್ತಿಂದ ನನ್ನ ಅವ್ವ ಅನ್ನು ಮಗ.”

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. “ನಿನ್ನ ಅವ್ವ ಅಂದ್ಬುಟ್ರೆ ಅವ್ವನ್ನ ಏನನ್ನದು?”

“ದೊಡ್ಡವ್ವ ಅನ್ನು.”

ಮಾರನೇ ದಿನದಿಂದ ನನ್ನನ್ನು ಏನೂ ಅನ್ನುವುದನ್ನೇ ಬಿಟ್ಟಳು. ಹಸಿವಾದರೆ ಹತ್ತಿರ ಬಂದು ನಿಲ್ಲೋದು. ಜಡೆ ಹಾಕಬೇಕಾದರೆ ಟೇಪು ತಂದು ತೊಡೆ ಮೇಲೆ ಇಡೋದು. ದೂರದಲ್ಲಿದ್ದರೆ “ಇಲ್ನೋಡು” ಅನ್ನೋದು. ಅವ್ವ ಹೋಗಲಿ, ಇದ್ದ ಚಿಕ್ಕವ್ವನೂ ಹೋಯಿತು. ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದಳು. ಒಂದು ಸಲ ತಾಳ್ಮೆ ಕೆಟ್ಟು ಬೆನ್ನಿಗೊಂದು ಗುದ್ದಿದೆ. ಅಳಲಿಲ್ಲ, ತಡಿಕೆಯ ಕಡೆ ನೋಡಿದಳು. ತಡಿಕೆಯಾಚೆ ಅಕ್ಕ ಏನೋ ಕುಟ್ಟುತ್ತಿದ್ದವಳು ನಿಲ್ಲಿಸಿದ್ದಳು.

ಬೋರಿಂಗ್ ಹತ್ತಿರ ನೀರಿಗೆ ಹೋದಾಗ ಅಕ್ಕ ಸಿಗುತ್ತಿದ್ದಳು. ಬೇರೆ ಮಾತಿಲ್ಲ. ಬಿಂದಿಗೆ ತುಂಬುವವರೆಗೂ ನೀರನ್ನೇ ನೋಡುತ್ತಿದ್ದು, ಎತ್ತಿ ಸೊಂಟಕ್ಕಿಟ್ಟುಕೊಳ್ಳುವಾಗ “ಉಂಡ್ಳಾ?” ಅನ್ನುತ್ತಿದ್ದಳು. “ಉಂಡ್ಳು” ಅನ್ನುತ್ತಿದ್ದೆ. ಇಬ್ಬರಿಗೂ ಅದು ಸುಳ್ಳು ಅಂತ ಗೊತ್ತಿತ್ತು.

ಹೀಗೆ ಸಂಕ್ರಾಂತಿ ಬಂತು. ಬಿಳಿ ಎಳ್ಳು ಹುರಿದು, ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ, ಕಡಲೆಬೀಜ, ಹುರಿಗಡಲೆ ಎಲ್ಲ ಬೆರೆಸಿದೆ. ಹಿಂದೆಲ್ಲ ಕೊಬ್ಬರಿ ಹೆಚ್ಚುವ ಕೆಲಸ ಅಕ್ಕನದು, ಅವಳ ಹಾಗೆ ಒಂದೇ ಸಮನಾಗಿ ಹೆಚ್ಚೋಕೆ ನನಗೆ ಬರಲಿಲ್ಲ. ಮಂಜುಳನಿಗೆ ಎಣ್ಣೆ ನೀರು ಹಾಕಿ, ಹೊಸ ಲಂಗ ತೊಡಿಸಿ, ತಟ್ಟೆಯಲ್ಲಿ ಎಳ್ಳು, ಕಬ್ಬಿನ ತುಂಡು ಜೋಡಿಸಿದೆ. ಆಗ ಎದುರಾಯಿತು ಪ್ರಶ್ನೆ. ತಡಿಕೆಯಾಚೆ ಎಳ್ಳು ಕಳಿಸೋದೋ ಬೇಡವೋ?

ಎಳ್ಳು ಬೀರೋದು ಬೇರೆಯವರ ಮನೆಗೆ. ಸ್ವಂತ ಮನೆಗೆ ಯಾರೂ ಎಳ್ಳು ಬೀರುವುದಿಲ್ಲ. ಕಳಿಸಿದರೆ ಅಕ್ಕನದು ಬೇರೆ ಮನೆ ಅಂತ ಮಗಳ ಕೈಯಲ್ಲೇ ಹೇಳಿಸಿದ ಹಾಗೆ. ಕಳಿಸದೆ ಹೋದರೆ ಊರೆಲ್ಲ ಹಗೆ ಅನ್ನುತ್ತದೆ. ನಮ್ಮವರು “ಅಲ್ಗೆ ಬ್ಯಾಡ” ಅಂತ ಗೊಣಗಿದರು.

ಅತ್ತೆ ತೊಟ್ಟಿಯ ಅಂಚಿನಲ್ಲಿ ಕೂತಲ್ಲಿಂದಲೇ ಹೇಳಿದರು. “ಬೀರ್ದೆ ಓದ್ರೆ ಅಗೆ ಅಂತಾರೆ ಕಣ್ಲಾ.”

“ಬೀರುದ್ರೆ?” ಅಂದರು ನಮ್ಮವರು.

ಕೊನೆಗೆ ನಾನೇ ತೀರ್ಮಾನ ಮಾಡಿದೆ. ಆಗಲಿ, ಒಂದು ಸಲ ಆಗಿಹೋಗಲಿ. ಎಲ್ಲರಿಗೂ ತಿಳಿಯಲಿ, ಮಗುವಿಗೂ ತಿಳಿಯಲಿ. “ಬೀದಿ ಮನೆಗೆಲ್ಲ ಕೊಟ್ಬುಟ್ಟು ಬಾ. ಕಡೇಲಿ ಅಲ್ಗೂ ಓಗು. ಸಂದೀಲಿ ನುಗ್ಬ್ಯಾಡ, ಬೀದಿ ಬಾಗ್ಲಿಂದ ಓಗು” ಅಂದೆ. ಮಂಜುಳ ನನ್ನ ಮುಖವನ್ನೇ ನೋಡಿ, ತಟ್ಟೆ ಎತ್ತಿಕೊಂಡು ಹೋದಳು.

ಬಿಸಿಲು ಇಳಿಯುತ್ತಿತ್ತು. ಬೀದಿಯಲ್ಲಿ ದನಗಳಿಗೆ ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸೋಕೆ ಸಿದ್ಧ ಮಾಡುತ್ತಿದ್ದರು. ಪ್ರತಿ ವರ್ಷ ಆ ಎತ್ತಿನ ಜೋಡಿಯ ಒಂದು ಹಗ್ಗ ಭಾವನ ಕೈಯಲ್ಲಿ, ಇನ್ನೊಂದು ನಮ್ಮವರ ಕೈಯಲ್ಲಿ ಇರುತ್ತಿತ್ತು. ಆ ಸಲ ಭಾವ ಎದುರು ಮನೆಯವನನ್ನು ಕರೆದು ಹಗ್ಗ ಕೊಟ್ಟರು. ನಮ್ಮವರು ಓಣಿಯಲ್ಲಿ ನಿಂತು ಅದನ್ನು ನೋಡಿ ಒಳಗೆ ಬಂದು ಕೂತರು.

ನಾನು ತಡಿಕೆಯ ಪಕ್ಕ ಕಿವಿಗೊಟ್ಟು ನಿಂತಿದ್ದೆ. ಬೀದಿ ಬಾಗಿಲ ಹತ್ತಿರ ಮಂಜುಳನ ಗೆಜ್ಜೆ ಕೇಳಿಸಿತು.

“ಎಳ್ಳು” ಅಂದಳು. ಅವ್ವ ಅನ್ನಲಿಲ್ಲ, ದೊಡ್ಡವ್ವನೂ ಅನ್ನಲಿಲ್ಲ.

ಅಕ್ಕ ಎದ್ದು ಬಂದದ್ದು ತಿಳಿಯಿತು. “ಯಾರ್ ಮನೇದು ಮಗ?”

ಡಬ್ಬದ ಮುಚ್ಚಳ ತೆಗೆದ ಸದ್ದು, ಅಕ್ಕನ ಬಳೆಯ ಸದ್ದು, ಏನೋ ಸಣ್ಣಗೆ ಮಾತು. ಆಮೇಲೆ ಗೆಜ್ಜೆ ಮತ್ತೆ ಬೀದಿಗಿಳಿಯಿತು. ನಾನು ಓಣಿ ಬಾಗಿಲಿಗೆ ಓಡಿ ಬಂದೆ. ಮಗಳು ಬರಲಿಲ್ಲ. ಎಷ್ಟು ಹೊತ್ತು ಕಾದರೂ ಬರಲಿಲ್ಲ. ಬೀದಿಯ ಆ ತುದಿಯಲ್ಲಿ ಹುಲ್ಲು ಹರಡುತ್ತಿದ್ದರು, ದನಗಳು ಬೆದರಿ ಕೂಗುತ್ತಿದ್ದವು. ಮಗು ಅವುಗಳ ಕಾಲಿಗೆ ಸಿಕ್ಕಿತೋ ಏನೋ ಅಂತ ಓಣಿಗೆ ಇಳಿದೆ.

ಅಷ್ಟರಲ್ಲಿ ನೆರೆಮನೆಯ ಸಾಕಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ ಬಂದಳು.

“ಏನ್ ಜಯಮ್ಮ, ನಿನ್ ಮಗ್ಳು ಬೀದಿಗೆಲ್ಲ ಎಲ್ಡೆಲ್ಡ್ ಸಲ ಎಳ್ಳು ಬೀರ್ತಾವ್ಳೆ? ಆಗ್ಲೇ ಕೊಟ್ಟೋದ್ಯಲ್ಲ ಕೂಸೆ ಅಂದ್ರೆ, ಅದು ಚಿಕ್ಕವ್ವನ ಮನೇದು, ಇದು ನಮ್ಮನೇದು ಅಂತಾಳೆ!”

ಸಾಕಮ್ಮ ನಗುತ್ತಿದ್ದಳು. ನನಗೆ ಆಗ ಅರ್ಥವಾಯಿತು. ಅಕ್ಕನೂ ಎಳ್ಳು ಬೆರೆಸಿ ಡಬ್ಬ ತುಂಬಿ ಇಟ್ಟಿದ್ದಳು. ಅವಳ ಮನೆಯಿಂದ ಬೀರೋಕೆ ಒಂದು ಹೆಣ್ಣುಮಗು ಇರಲಿಲ್ಲ. ಭಾಗ ಮಾಡಿದ ಹಿರಿಯರಿಗೆ ಇದು ಹೊಳೆದಿರಲಿಲ್ಲ. ಭಾವನಿಗೂ ಹೊಳೆದಿರಲಿಲ್ಲ. ಏಳು ವರ್ಷದ ಮಗುವಿಗೆ ಆ ಡಬ್ಬ ನೋಡಿದ ಕೂಡಲೇ ತಿಳಿಯಿತು.

ಸಾಕಮ್ಮ ಹೋದ ಮೇಲೆ ಓಣಿಯ ತಿರುವಿನಲ್ಲಿ ಮಂಜುಳ ಕಾಣಿಸಿದಳು. ಕೈಯಲ್ಲಿ ಅಕ್ಕನ ಹಿತ್ತಾಳೆ ತಟ್ಟೆ, ಕೊಬ್ಬರಿ ಒಂದೇ ಸಮನಾಗಿ ಹೆಚ್ಚಿದ ಎಳ್ಳು. ತಾನು ಬೆಳಿಗ್ಗೆ ಎದ್ದ ಮನೆಯ ಹೊಸ್ತಿಲ ಹೊರಗೆ, ಬೇರೆ ಮನೆಯ ಹುಡುಗಿಯರು ನಿಲ್ಲುವ ಹಾಗೆ ನಿಂತಳು. ಓಡಾಡಿ ಮುಖ ಕೆಂಪಾಗಿತ್ತು. ಅಷ್ಟು ದಿನದ ಮೇಲೆ ಮೊದಲ ಸಲ ನನ್ನನ್ನು ಸಂಬಂಧ ಹಿಡಿದು ಕರೆದಳು.

“ಚಿಕ್ಕವ್ವ, ಎಳ್ಳು ತಕ್ಕೋ. ನಮ್ಮನೇದು.”

ಬಾಚಿ ತಬ್ಬಿಕೊಂಡು ಒಳಗೆ ಎಳೆದು ಬಾಗಿಲು ಹಾಕಿಬಿಡೋಣ ಅನ್ನಿಸಿತು. ಅವಳ ಕಣ್ಣಲ್ಲಿ ಹೆದರಿಕೆ ಇತ್ತು, ನಾನು ಬೈದೇನು ಅಂತ. ಆದರೂ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಎಳ್ಳು ತಂದ ಹುಡುಗಿಯನ್ನು ಬರಿಗೈಲಿ ಕಳಿಸಬಾರದು. ಒಳಗೆ ಹೋಗಿ ಅರಿಶಿನ ಕುಂಕುಮದ ಬಟ್ಟಲು ತಂದೆ. ಹಣೆಗೆ ಕುಂಕುಮ ಇಟ್ಟೆ, ಎಳ್ಳು ಸೆರಗಿಗೆ ಸುರಿದುಕೊಂಡೆ, ಖಾಲಿಯಾದ ತಟ್ಟೆಗೆ ನಮ್ಮ ಎಳ್ಳನ್ನೇ ತುಂಬಿ ಮೇಲೊಂದು ಬಾಳೆಹಣ್ಣು ಇಟ್ಟೆ. ಅವಳು ಇನ್ನೂ ನನ್ನ ಮುಖ ನೋಡುತ್ತಾ ನಿಂತೇ ಇದ್ದಳು.

“ಓಗವ್ವ” ಅಂದೆ. “ನಿಮ್ಮವ್ವ ಕಾಯ್ತಿರ್ತಾಳೆ.”